ತಾಳಿಗೆ ಮೊದಲಿನ ಹಸಿರು

ಶಿರಸಿಯಲ್ಲಿ ಮದುವೆಯ ವಿಡಿಯೋ ತೆಗೆಯುವವರು ಒಬ್ಬರಿದ್ದರು; ಅವರು ಒಂದು ಕಡೆ ನಿಂತದ್ದು ನನಗೆ ನೆನಪಿಲ್ಲ. ಊಟದ ಪಂಕ್ತಿಯಲ್ಲೂ ಬೆರಳುಗಳ ಚೌಕಟ್ಟು ಮಾಡಿ ಯಾರದೋ ಮುಖ ಅಳೆಯುತ್ತಿದ್ದರು. ಅಥವಾ ನಾನು ಹಾಗೆ ಕಂಡದ್ದು ಒಮ್ಮೆ ಮಾತ್ರವೋ ಏನೋ.

ಅವರ ಕ್ಯಾಸೆಟ್ಟುಗಳಲ್ಲಿ ಮದುಮಗಳು ಬೆಳಗಿನಿಂದ ಕಪ್ಪು-ಬಿಳುಪಿನಲ್ಲಿ ಇರುತ್ತಿದ್ದಳು. ತಾಳಿ ಕಟ್ಟುವ ಹೊತ್ತಿಗೆ ಸೀರೆಯ ಕೆಂಪು, ಕುಂಕುಮ ನಿಧಾನವಾಗಿ ಮೂಡುತ್ತಿದ್ದವು. ತೋರಿಸುವಾಗ "ತಡಿ, ಬಣ್ಣ ಈಗ ಬತ್ತು" ಎಂದು, ಬಣ್ಣ ಬರುವ ತನಕ ಟಿವಿಯ ಮುಂದೆ ಕೈ ಅಡ್ಡ ಹಿಡಿಯುತ್ತಿದ್ದರು. ಜನ ಮೆಚ್ಚುತ್ತಿದ್ದರು, ನಾನೂ.

ಗಂಡ ತೀರಿಕೊಂಡು ಕೆಲವು ವರ್ಷಗಳ ಮೇಲೆ ಸಿದ್ದಾಪುರದ ನನ್ನ ಅತ್ತೆಯ ಮಗಳು ಮತ್ತೆ ಮದುವೆಯಾದಳು. ವಿಡಿಯೋ ತೆಗೆದದ್ದು ಅವರೇ; ಕ್ಯಾಸೆಟ್ಟು ಯಲ್ಲಾಪುರದ ಹೊಸ ಗಂಡನ ಮನೆಗೆ ಹೋಗುವ ಮೊದಲು ನೋಡಲೆಂದು ನಾನೂ ಅವಳೂ ಅವರ ಅಂಗಡಿಗೆ ಹೋದೆವು. ಪರದೆಯಲ್ಲಿ ಅವಳು ಜಡೆ ಹೆಣೆಸಿಕೊಳ್ಳುತ್ತ ನಗುತ್ತಿದ್ದಳು, ಬೂದಿಯ ಬಣ್ಣದಲ್ಲಿ.

"ತಡಿ, ಬಣ್ಣ ಈಗ..."

"ಬೆಳಗ್ಗೆ ನಗ್ತಾ ಇದ್ದಿದ್ದು ಯಾರು ಹಂಗಾರೆ?" ಅಂದಳು ಅವಳು. "ಆ ಹಸ್ರು ಸೀರೆ ಆನೇ ಆರಿಸಿ ಉಟ್ಟಿದ್ದು. ಯಲ್ಲಾಪುರದಲ್ಲಿ ಎಲ್ಲರೂ ಇದನ್ನೇ ನೋಡ್ತ. ತಾಳಿ ಕಟ್ಟೋವರೆಗೆ ಆನು ಬೂದಿ ಆಗಿದ್ನಾ?"

"ಅದು ಟೆಕ್ನಿಕ್ಕು, ತಂಗಿ. ಎಲ್ಲರಿಗೂ ಹಂಗೇ ಮಾಡ್ತೆ."

"ಬೇರೆಯವಕ್ಕೆ ಮಾಡಿ, ಎಂಗೆ ಬ್ಯಾಡ."

ಅವರ ಕೈ ಟಿವಿಯ ಮುಂದೆಯೇ ಉಳಿಯಿತು. ಆಮೇಲೆ ಬಣ್ಣ ತೆಗೆಯದ ಮೂಲ ಕ್ಯಾಸೆಟ್ಟು ಹಾಕಿ ಬಣ್ಣದ ಗುಂಡಿ ತಿರುಗಿಸಿದರು. ಸೀರೆ ಹಸಿರಾಯಿತು. ಇನ್ನೂ ತಿರುಗಿಸಿದರು; ಅವಳ ಕೆನ್ನೆಗೂ ಹಸಿರು ಹತ್ತಿತು.

"ಸಾಕಾ?"

"ಇನ್ನೊಂಚೂರು," ಅಂದಳು.

ಆ ಸೀರೆ ನಿಜಕ್ಕೂ ಅಷ್ಟು ಹಸಿರಾಗಿತ್ತೇ ಎಂದು ನನಗೆ ಈಗಲೂ ಅನುಮಾನ. ಅವಳನ್ನು ಕೇಳಿದರೆ, ಅದಕ್ಕಿಂತ ಹಸಿರಾಗಿತ್ತು ಅನ್ನುತ್ತಾಳೆ.