ಜಾಕಿಗೆ ಒದ್ದ ದಿನ

ಬಸವಕಲ್ಯಾಣದ ನಮ್ಮ ಮನೆಯಂಗಳದಲ್ಲಿ ನಿಲ್ಲುತ್ತಿದ್ದ ಅಣ್ಣನ ಹಳೆಯ ಕಾರು ದಿನಾ ನಾಲ್ಕು ಹನಿ ಇಂಜಿನ್ ಆಯಿಲ್ ಉದುರಿಸುತ್ತಿತ್ತು. ತಳದ ಬೋಲ್ಟಿಗೆ ಹೊಸ ವಾಷರ್ ಹಾಕಿದರೆ ಮುಗಿಯುವ ಕೆಲಸ. ಒಂದು ಬೆಳಿಗ್ಗೆ ಕಾರನ್ನು ಜಾಕಿಯಿಂದ ಎತ್ತಿ, ಭದ್ರತೆಗೆಂದು ಸ್ಟೆಪ್ನಿ ಚಕ್ರವನ್ನು ಅಡಿಗೆ ತಳ್ಳಿ, ಅಣ್ಣ ಕೆಳಗೆ ನುಸುಳಿದ. ಹಳೆಯ ಆಯಿಲ್ ಕೆಳಗಿಟ್ಟ ಕಬ್ಬಿಣದ ಪುಟ್ಟಿಗೆ ಇಳಿಯಿತು.

ನಾನು ಹುಮನಾಬಾದಿನಿಂದ ತಂದಿದ್ದ ವಾಷರ್ ಅಳತೆಗೆ ದೊಡ್ಡದಾಗಿತ್ತು. ಅದನ್ನು ಅವನು ನನ್ನ ಕಾಲಿಗೆ ಎಸೆದ.

"ಒಂದ್ ವಾಷರ್ ತರಾಕ ಬರಂಗಿಲ್ಲ ನಿನಗ. ಹೆಂಡ್ತಿ ಬಿಟ್ಟು ಹೋಗಿದ್ದು ಸುಮ್ಮನ ಅಲ್ಲ ಬಿಡು."

ಯೋಚನೆಯೇ ಬರಲಿಲ್ಲ. ಕಾಲೆತ್ತಿ ಜಾಕಿಗೆ ಒದ್ದೆ. ಕಾರು ಧಡ್ ಎಂದು ಕುಸಿದು ಸ್ಟೆಪ್ನಿಯ ಮೇಲೆ ಕೂತಿತು. ಅಣ್ಣನ ಎದೆಗೂ ಇಂಜಿನ್ನಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು.

ಅವನು ತೆವಳಿ ಹೊರಬಂದವನೇ ಕೈಯಲ್ಲಿದ್ದ, ಬೋಲ್ಟ್ ಬಿಚ್ಚುವ ಪಾನಾದಿಂದ ನನ್ನನ್ನು ಬಡಿದ. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಮತ್ತೆ ಹೊಡೆದ. ನಾನು ಕೈ ಎತ್ತಲಿಲ್ಲ. ಅವನ ಹೆಂಡತಿ, ನಮ್ಮ ವೈನಿ, ಓಡಿಬಂದು ಅವನ ತೋಳಿಗೆ ಜೋತುಬಿದ್ದರು.

"ಯಾಕ್ರೀ ಹೊಡಿಯಾಕತ್ತೀರಿ? ಏನಾತ್ರಿ?"

ಅಣ್ಣ ಏದುಸಿರು ಬಿಡುತ್ತ ನನ್ನನ್ನೇ ನೋಡಿದ. "ಜಾಕಿ ಜಾರಿತು," ಎಂದ. "ಇವ ಸರಿ ನಿಲ್ಲಿಸಿರಲಿಲ್ಲ."

ಮರುದಿನ, ಹುಬ್ಬಿಗೆ ಪಟ್ಟಿ ಹಾಕಿಕೊಂಡೇ, ಸರಿಯಾದ ವಾಷರ್ ತಂದೆ. ಕಾರನ್ನು ಮತ್ತೆ ಎತ್ತಿದ ಮೇಲೆ ಅಣ್ಣ ಪಾನಾವನ್ನು ನನ್ನ ಕೈಗಿಟ್ಟ.

"ಈ ಸಲ ನೀನ ಕೆಳಗ ಹೋಗು."

ಹೋದೆ. ಬೋಲ್ಟ್ ಬಿಗಿಮಾಡಿ ಮುಗಿಸುವವರೆಗೂ ಅವನ ಪಾದಗಳು ಜಾಕಿಯ ಪಕ್ಕದಲ್ಲೇ ಕಾಣುತ್ತಿದ್ದವು.