ಕಿಂಡಿಗೆ ತುರುಕಿದ ಕೌದಿ

ಹೋದ ವರ್ಷ ಛಟ್ಟಿ ಅಮಾವಾಸ್ಯೆಯ ನಂತರದ ಸೋಮವಾರ ಬೆಳಗ್ಗೆ, ರಾಯಚೂರಿನ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ನನ್ನ ತಂಗಿ ತೀರಿಕೊಂಡಳು. ಹೆರಿಗೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಗೋಡೆಯ ಮೇಲೆ ಗ್ಯಾಸ್ ಗೀಸರ್ ಉರಿಯುತ್ತಿತ್ತು. ಅದರ ಮೇಲಿನ ಗಾಳಿಕಿಂಡಿಗೆ ಹಳೆಯ ಸೀರೆಗಳನ್ನು ಹೊಲಿದ ಕೌದಿ ತುರುಕಿತ್ತು. ತುರುಕಿದವಳು ನಮ್ಮವ್ವ.

ಅವ್ವ ದೇವದುರ್ಗದವಳು. ಅಲ್ಲಿನ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಅವಳ ಕೈಗುಣ ಒಳ್ಳೆಯದೆಂದು ಹೆಸರಿತ್ತು. ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹೊಯ್ದರೆ ಕೂಸು ಅಳುತ್ತಿರಲಿಲ್ಲ. ಅಲ್ಲಿ ಬಚ್ಚಲು ಹಿತ್ತಲಲ್ಲಿರುತ್ತಿತ್ತು. ಹಂಡೆಯ ಒಲೆಯ ಬಾಯಿ ಗೋಡೆಯ ಹೊರಗೆ. ಕಟ್ಟಿಗೆ ಹೊರಗೆ ಉರಿಯುತ್ತಿತ್ತು, ನೀರು ಒಳಗೆ ಕಾಯುತ್ತಿತ್ತು. ಬಾಣಂತಿಗೆ ಗಾಳಿ ತಾಗಬಾರದೆಂದು ಬಾಗಿಲು, ಕಿಂಡಿ, ಸಂದುಗೊಂದು ಎಲ್ಲ ಮುಚ್ಚುವುದು ಅಲ್ಲಿಯ ಪದ್ಧತಿ. ಮುಚ್ಚಿದರೂ ಅಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ರಾಯಚೂರಿನ ಮನೆಯಲ್ಲಿ ಉರಿ ಬಚ್ಚಲ ಒಳಗಿತ್ತು. ಪದ್ಧತಿ ಮಾತ್ರ ದೇವದುರ್ಗದ್ದೇ ಉಳಿದಿತ್ತು.

ತಂಗಿಯನ್ನು ಮಾನ್ವಿಗೆ ಕೊಟ್ಟಿದ್ದೆವು. ಅವಳ ಗಂಡ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳಿಗೆ ಹೆಣ್ಣು ಮಗುವಾಯಿತು. ಅವ್ವ ಮರುದಿನವೇ ಟ್ರಂಕಿನಿಂದ ಕೌದಿ ತೆಗೆದು, ಸ್ಟೂಲು ಹತ್ತಿ ಕಿಂಡಿ ಮುಚ್ಚಿದಳು.

ನಮ್ಮ ಬೋರಿನ ನೀರು ಸವಳು. ಗೀಸರಿನ ಒಳಗೆ ಉಪ್ಪು ಕಟ್ಟಿ ನೀರು ದಾರದಷ್ಟು ಸಣ್ಣಗೆ ಬೀಳತೊಡಗಿದಾಗ ಬಜಾರಿನ ಮೇಸ್ತ್ರಿಯನ್ನು ಕರೆಸಿದೆವು. ಗ್ಯಾಸ್ ಒಲೆ, ಗೀಸರು ರಿಪೇರಿ ಮಾಡುವ ನಡುವಯಸ್ಸಿನ ಮನುಷ್ಯ. ನಮ್ಮ ಮನೆಗೆ ವರ್ಷಗಳಿಂದ ಬರುವವನು. ಬಚ್ಚಲ ಬಾಗಿಲು ತೆರೆದಿಟ್ಟು ಗೀಸರಿನ ಡಬ್ಬಿ ಬಿಚ್ಚಿದ.

"ಯವ್ವಾ, ಇದರ ಹೊಟ್ಟಿ ತುಂಬ ಉಪ್ಪು ಅದ ನೋಡ್ರಿ. ಉರಿ ನೀಲಿ ಇರಬೇಕು, ಹಳದಿ ಆಗ್ಯಾದ. ಹೊಸದು ಹಾಕಸ್ರಿ. ಡಬ್ಬಿ ಹೊರಗಿನ ಗ್ವಾಡಿಗೆ ಹಾಕ್ತೀನಿ, ಪೈಪ್ ಅಷ್ಟ ಒಳಗ ಬರ್ತದ."

"ಗ್ವಾಡಿಗೆ ತೂತು ಹೊಡೀಬೇಕೇನು?"

"ಮತ್ತ? ಬಾಯಿಲೆ ಊದಿದ್ರ ತೂತು ಬೀಳ್ತದೇನ್ರಿ ಯವ್ವಾ?"

"ಹಂಗಾದ್ರ ಈಗ ಬ್ಯಾಡಪಾ. ಆ ಮಿಷನ್ ಗುರ್ ಅಂದ್ರ ಕೂಸು ಬೆದರ್ತದ. ಬಾಣಂತನ ಮುಗೀಲಿ, ಆಮ್ಯಾಲ ಹಾಕು. ಈಗ ತೊಳದು ಕೊಡು."

ಒಳಕೋಣೆಯಿಂದ ತಂಗಿ ಮೇಸ್ತ್ರಿಗೆ ಕೂಗಿ ಹೇಳಿದಳು: "ಅಣ್ಣಾ, ನಮ್ಮವ್ವ ಮುಂಜಾನಿಂದ ಗುರ್ ಅನ್ನಾಕತ್ಯಾಳ, ಅದಕ್ಕ ಬೆದರದ ಕೂಸು ನಿಮ್ಮ ಮಿಷನ್ನಿಗೆ ಬೆದರ್ತದೇನು?"

"ಸುಮ್ನ ಮಕ್ಕೋ. ಬಾಣಂತಿ ಬಾಳ ಮಾತಾಡಬಾರದು, ಬಾಯಾಗ ಗಾಳಿ ಹೋಗ್ತದ."

ಮೇಸ್ತ್ರಿ ನಗುತ್ತಲೇ ಕೊಳವೆಗೆ ಆ್ಯಸಿಡ್ ಹೊಯ್ದು ತೊಳೆದ. ಎರಡು ಹೊಸ ಸೆಲ್ಲು ಹಾಕಿದ. ಟಿಕ್ ಟಿಕ್ ಎಂದು ಉರಿ ಹೊತ್ತಿತು, ಅಂಚಿನಲ್ಲಿ ಸ್ವಲ್ಪ ನೀಲಿ ಕಂಡಿತು. ಬಾಣಂತನ ಮುಗಿದ ಮೇಲೆ ಕರೆಯಿರಿ ಎಂದು ಹೇಳಿ ಹೋದ.

ಆಮೇಲೆ ತಂಗಿ ಎರೆದುಕೊಂಡು ಬಂದಾಗಲೆಲ್ಲ ತಲೆ ಭಾರ ಎನ್ನುತ್ತಿದ್ದಳು. ಲೋಬಾನದ ಹೊಗೆ ಹಾಕಿ ಹೊದಿಸಿದರೆ ಊಟದ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಅವ್ವನಿಗೆ ಅದು ಸಮಾಧಾನದ ಸಂಗತಿ. "ಮೈಗೆ ನೀರು ಹತ್ತ್ಯಾವ. ಹಿಂಗ ನಿದ್ದಿ ಬರಬೇಕು ಬಾಣಂತಿಗೆ" ಎಂದು ಪಕ್ಕದ ಮನೆಯವರಿಗೂ ಹೇಳಿದಳು. ಒಮ್ಮೆ ತಂಗಿ ವಾಂತಿ ಮಾಡಿಕೊಂಡಳು. ಅಂಟಿನ ಉಂಡೆ ಜಾಸ್ತಿಯಾಯಿತು ಎಂದರು. ಅವ್ವನಿಗೂ ತಲೆ ನೋಯುತ್ತಿತ್ತು. ಅದಕ್ಕೆ ಅವಳು ವಯಸ್ಸಿನ ಕಾರಣ ಕೊಟ್ಟಳು.

ಆ ಸೋಮವಾರ ಅವ್ವ ಕೂಸಿಗೆ ಪಡಸಾಲೆಯಲ್ಲೇ ನೀರು ಹಾಕಿ ಮಲಗಿಸಿದಳು. ಆಮೇಲೆ ತಂಗಿಗೆ ಎಣ್ಣೆ ಅರಿಶಿನ ಹಚ್ಚಿ, ಮಣೆಯ ಮೇಲೆ ಕೂರಿಸಿ ಎರೆದಳು. ಕಡೆಯ ಬಕೀಟು ತುಂಬಲು ನಳ ಬಿಟ್ಟು, "ಮೈಗೆ ನೀರಿನ ಹಬಿ ಹಿಡೀಲಿ, ಹಂಗ ಕೂಡು" ಎಂದು ಬಾಗಿಲೆಳೆದುಕೊಂಡು ಅಗ್ಗಿಷ್ಟಿಕೆಗೆ ಕೆಂಡ ತುಂಬಲು ಹೋದಳು. ತಿರುಗಿ ಬಂದು ಇಣುಕಿದಾಗ ತಂಗಿ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಕೆನ್ನೆ ಕೆಂಪಗಿತ್ತು. ನಿದ್ದೆ ಹತ್ತಿದೆ ಎಂದುಕೊಂಡು ಅವ್ವ ಸಪ್ಪಳಾಗದಂತೆ ಬಾಗಿಲನ್ನು ಮತ್ತೆ ಮುಚ್ಚಿದಳು. ಕೂಸು ಎದ್ದು ಅತ್ತಿತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ ಕುಳಿತಳು.

ನಾನು ಪತ್ರಿಕಾ ಕಚೇರಿಯ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. ಅವ್ವ ಕೂಗಿದ್ದಕ್ಕೆ ಎದ್ದು ಹೋದಾಗ ಬಕೀಟು ತುಂಬಿ ಹರಿಯುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಬಚ್ಚಲಲ್ಲಿ ಗೀಸರು ಇತ್ತೇ, ಕಿಂಡಿ ತೆರೆದಿತ್ತೇ ಎಂಬುದು.

"ಗ್ಯಾಸಿನ ವಾಸನಿ ಬರಲಿಲ್ಲಲ್ರೀ" ಎಂದಳು ಅವ್ವ.

ಗ್ಯಾಸ್ ಸೋರಿರಲಿಲ್ಲ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಅನಿಲಕ್ಕೆ ವಾಸನೆಯೇ ಇಲ್ಲ, ಅದು ಮೊದಲು ಮಂಪರು ತರುತ್ತದೆ ಎಂದು ಡಾಕ್ಟರು ವಿವರಿಸಿದರು. ಮರುದಿನ ನಮ್ಮ ಪತ್ರಿಕೆಯಲ್ಲೂ 'ಅನಿಲ ಸೋರಿಕೆ' ಎಂದೇ ಅಚ್ಚಾಯಿತು. ಅಂಥ ಶೀರ್ಷಿಕೆಗಳನ್ನು ನಾವೆಲ್ಲ ಹಾಗೆಯೇ ಬರೆಯುತ್ತ ಬಂದಿದ್ದೆವು.

ಮೇಸ್ತ್ರಿ ಸುದ್ದಿ ತಿಳಿದು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. "ಗೀಸರ್ ನೋಡಿದೆ ಸಾಹೇಬ್ರ, ಮ್ಯಾಲ ನೋಡ್ಲಿಲ್ಲ. ಕೌದಿ ಆವತ್ತೂ ಅಲ್ಲೇ ಇತ್ತಲ್ರೀ?" ಎಂದ. ಇತ್ತು ಎಂದೆ.

ಅಂದಿನಿಂದ ಅವ್ವ ಕೂಸನ್ನು ಎತ್ತಿಕೊಳ್ಳಲಿಲ್ಲ. ಅತ್ತರೆ ನನ್ನನ್ನು ಕರೆಯುತ್ತಿದ್ದಳು. ಎರಡು ಹೊತ್ತೂ ಪಕ್ಕದ ಮನೆಯಾಕೆ ಬಂದು ನೀರು ಹಾಕಿದಳು. ದಿನಕರ್ಮ ಮುಗಿದ ಮೇಲೆ ಕೂಸನ್ನು ಕರೆದೊಯ್ಯಲು ಮಾನ್ವಿಯಿಂದ ತಂಗಿಯ ಅತ್ತೆ ಬಂದರು. ಅವರು ಕೂಸನ್ನು ಎದೆಗವಚಿಕೊಂಡು, "ನೀವೂ ಬರ್ರಿ ಬೀಗ್ತೇರ. ನಿಮ್ಮಂಗ ನೀರು ಹಾಕಾಕ ನನಗ ಬರಂಗಿಲ್ಲ" ಎಂದರು. ಅವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಈ ಕೈ ಬ್ಯಾಡ್ರಿ" ಎಂದಳು.

ಚಳಿ ಕಳೆಯಿತು, ಯುಗಾದಿಯೂ ಬಂತು. ಅವ್ವ ತಣ್ಣೀರಲ್ಲೇ ಸ್ನಾನ ಮಾಡುತ್ತಿದ್ದಳು. ನಮ್ಮ ಗೀಸರನ್ನು ಬಿಚ್ಚಿಸಿ ಗುಜರಿಗೆ ಕೊಟ್ಟಾಗಿತ್ತು. ಒಂದು ಬೆಳಗ್ಗೆ ಚಹಾ ಕುಡಿಯುತ್ತ ಕೇಳಿದಳು:

"ತಮ್ಮಾ, ಮಾನ್ವ್ಯಾಗ ನೀರು ಎದರಾಗ ಕಾಸ್ತಾರ?"

ಅವರ ಮನೆಯಲ್ಲೂ ಗ್ಯಾಸ್ ಗೀಸರೇ ಇತ್ತು, ಬಚ್ಚಲ ಒಳಗೇ. ನಾನು ಫೋನ್ ಮಾಡಿ ಎಚ್ಚರಿಸಿದ್ದೆ. ಬಾಗಿಲು ತೆಗೆದೇ ಇಡುತ್ತೇವೆ ಎಂದಿದ್ದರು. ಅವ್ವನಿಗೆ ಆ ಮಾತು ಸಾಲಲಿಲ್ಲ. "ಆ ಮೇಸ್ತ್ರಿನ ಕರಿ. ನಾನೂ ಬರ್ತೀನಿ. ಕಣ್ಣಾರೆ ನೋಡಬೇಕು" ಎಂದಳು.

ಮೇಸ್ತ್ರಿ, ಅವ್ವ, ನಾನು ಬಸ್ಸಿನಲ್ಲಿ ಹೋದೆವು. ಹೊಸ ಗೀಸರಿನ ಪೆಟ್ಟಿಗೆ ಅವ್ವನ ಕಾಲ ಬಳಿ ಇತ್ತು. ಕಲ್ಲೂರು ದಾಟಿದ ಮೇಲೆ ಮೇಸ್ತ್ರಿ, "ಯವ್ವಾ, ಇವತ್ತು ಮಿಷನ್ ಗುರ್ ಅಂತದ ಮತ್ತ" ಎಂದ.

"ಅನ್ನಲಿ. ಬೆದರಿದ್ರ ಬೆದರ್ಲಿ" ಎಂದಳು ಅವ್ವ.

ಮಾನ್ವಿಯ ಮನೆಯಲ್ಲಿ ಅವ್ವ ನೀರೂ ಕುಡಿಯದೆ ನೇರ ಬಚ್ಚಲಿಗೆ ಹೋಗಿ ಮೇಲೆ ನೋಡಿದಳು. ಕಿಂಡಿಗೆ ಅಕ್ಕಿಯ ಖಾಲಿ ಚೀಲ ಮಡಚಿ ತುರುಕಿತ್ತು. ಬೀಗತಿಯ ಮುಖ ಸಣ್ಣದಾಯಿತು.

"ಬಾಗಿಲು ತೆಗದೇ ಇರ್ತೀವ್ರಿ... ಕೂಸಿಗೆ ಮ್ಯಾಲಿಂದ ಗಾಳಿ ಬಡೀಬಾರದಂತ..."

"ನಾನೂ ಅದಕ್ಕ ಹಾಕಿದ್ದೆನ್ರಿ" ಎಂದಳು ಅವ್ವ.

ತಾನೇ ಸ್ಟೂಲು ಹತ್ತಿದಳು. ನಾವು ಹಿಡಿಯಲು ಹೋದರೆ ಬೇಡವೆಂದಳು. ಚೀಲ ಕಿತ್ತು ತಂದು ಅಂಗಳದಲ್ಲಿ ಝಾಡಿಸಿ, ಮಡಚಿ, ಬೀಗತಿಯ ಕೈಗೆ ಕೊಟ್ಟಳು. ಮೇಸ್ತ್ರಿ ಗೋಡೆ ಕೊರೆದು ಹೊಸ ಡಬ್ಬಿಯನ್ನು ಹಿತ್ತಲ ಕಡೆಗೆ ಹಾಕಿದ. ಮಿಷನ್ನಿನ ಸದ್ದಿಗೆ ಕೂಸು ಚೀರಿ ಅತ್ತಿತು. ಅದರ ಅಪ್ಪ ಎತ್ತಿಕೊಂಡು ಬೀದಿಗೆ ಹೋದ. ಉರಿ ನೀಲಿಯಾಗಿ ಹೊತ್ತಿದ್ದನ್ನು ಅವ್ವ ಹಿತ್ತಲಲ್ಲಿ ನಿಂತು ನೋಡಿದಳು. ಆಮೇಲೆ ಮೇಸ್ತ್ರಿಗೆ, "ಒಳಗ ಹೋಗಿ ಮ್ಯಾಲ ಒಮ್ಮೆ ನೋಡಿ ಬಾರಪಾ" ಎಂದಳು. ಅವನು ಹೋಗಿ ನೋಡಿ ಬಂದ.

ಆ ದಿನ ಬೀಗತಿ ಕೂಸನ್ನು ಅವ್ವನ ತೊಡೆಯ ಮೇಲೆ ಹಾಕಲು ಹೋದಾಗ ಅವ್ವ ಎದ್ದು ನಿಂತಳು. ನಾವು ಸಂಜೆಯ ಬಸ್ಸಿಗೆ ತಿರುಗಿ ಬಂದೆವು.

ಈಗ ಅವ್ವ ಪ್ರತಿ ಭಾನುವಾರ ಮಾನ್ವಿಗೆ ಹೋಗುತ್ತಾಳೆ. ಕೂಸು ಕೂಡಲು ಕಲಿತಿದೆ. ನೀರು ಹಾಕುವವರು ಬೀಗತಿಯೇ. ಅವ್ವ ಬಚ್ಚಲ ಹೊಸ್ತಿಲ ಹೊರಗೆ ಕುಳಿತಿರುತ್ತಾಳೆ. ಹೋದ ಭಾನುವಾರ ಬೀಗತಿ ಬಕೀಟನ್ನು ಹೊಸ್ತಿಲ ತನಕ ಸರಿಸಿದರು. ಅವ್ವ ಸೆರಗಿನಿಂದ ಕೈ ತೆಗೆದು, ಮೊಣಕೈ ಅದ್ದಿ ನೋಡಿ, ಇನ್ನೊಂದು ತಂಬಿಗೆ ತಣ್ಣೀರು ಬೆರೆಸಲು ಹೇಳಿದಳು.