ವಿಭೂತಿ ಹತ್ತಿದ ಬೆರಳು

ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ಬೆಳ್ಳಗಿರುತ್ತಿತ್ತು. ಬೆಳಿಗ್ಗೆ ಹಣೆಗೆ ವಿಭೂತಿ ಎಳೆದುಕೊಂಡು, ಕೈ ಒರೆಸದೆ ಸೈಕಲ್ ಹತ್ತುತ್ತಿದ್ದರೇನೋ. ಸದಾ ಎಂದೆ, ಆ ಮಾತಿನ ಮೇಲೆ ಈಗ ನನಗೇ ಭರವಸೆಯಿಲ್ಲ. ಅವರ ವಿಷಯದಲ್ಲಿ ನನ್ನ ನೆನಪು ಒಮ್ಮೆ ಸುಳ್ಳು ಹೇಳಿದೆ. ಉಳಿದದ್ದರಲ್ಲಿ ಎಷ್ಟು ನಿಜವೋ ತಿಳಿಯದು.

ಮೈಸೂರಿನಲ್ಲಿ ನಾನು ಸಂಶೋಧನೆ ಮಾಡುತ್ತಿದ್ದ ಲ್ಯಾಬಿಗೆ ಅವರು ಅಟೆಂಡರ್. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಜಂಗಮರಾದ್ದರಿಂದ ಎಲ್ಲರೂ ಅಯ್ನೋರೇ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಲಷ್ಕರ್ ಮೊಹಲ್ಲಾದ ಪಾತ್ರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ನನ್ನ ಜೊತೆಯವರೆಲ್ಲ ಬೇರೆ ಬೇರೆ ಕಡೆ ಕೆಲಸ ಹಿಡಿದು ಹೋಗಿದ್ದರು. ದಿನವಿಡೀ ಆ ಲ್ಯಾಬಿನಲ್ಲಿ ನಾವಿಬ್ಬರೇ, ಜೊತೆಗೆ ಇನ್‌ಕ್ಯುಬೇಟರಿನ ಗುಂಯ್ ಎನ್ನುವ ಸದ್ದು.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಔಷಧಿ ಉರಿಯೂತವನ್ನೂ ತಗ್ಗಿಸುತ್ತದೆಂಬ ಮಾತು ಆಗ ಎದ್ದಿತ್ತು. ಹೊಸ ರಕ್ತನಾಳ ಚಿಗುರುವುದರ ಮೇಲೆ ಅದರ ಪರಿಣಾಮವೇನು ಎಂಬುದು ನನ್ನ ಪ್ರಶ್ನೆ. ಕಾವು ಕೊಟ್ಟ ಮೊಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಿ, ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು, ಒಳಪೊರೆಯ ಮೇಲೆ ಔಷಧಿ ಇಡಬೇಕು. ಪ್ರತಿ ಸೋಮವಾರ ಈ ಕೆಲಸ; ಗುರುವಾರ ಪೊರೆಯನ್ನು ಬಿಡಿಸಿ ಕೆಡದಂತೆ ಫಾರ್ಮಲಿನ್‌ಗೆ ಹಾಕುವುದು. ಮೊಟ್ಟೆ ತಿನ್ನದ ಅಯ್ನೋರು ಒಂದೊಂದನ್ನೂ ಬಲ್ಬಿಗೆ ಹಿಡಿದು ನೋಡಿ, "ಜೀವ ಅದೆ ಸಾರ್" ಎಂದು ನನ್ನ ಕೈಗೆ ಕೊಡುತ್ತಿದ್ದರು. ಜೀವ ಇಲ್ಲದ್ದನ್ನು ಮಾತಿಲ್ಲದೆ ಪಕ್ಕಕ್ಕಿಡುತ್ತಿದ್ದರು. ಅಪ್ಪ ಬದುಕಿದ್ದರೆ ತಮ್ಮನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ ಎಂದು ನಗುತ್ತಿದ್ದರು.

ಎರಡು ತಿಂಗಳಾದ ಮೇಲೆ ನಾಳಗಳನ್ನು ಎಣಿಸಲು ಕೂತೆವು. ಹೆಚ್ಚು ಔಷಧಿ ಇಟ್ಟ ಪೊರೆಗಳಲ್ಲಿ ನಾಳಗಳು ಸೊರಗಿದ್ದವು, ನಾನು ಬಯಸಿದ ಹಾಗೆಯೇ. ತೀರ ಕಡಿಮೆ ಇಟ್ಟವುಗಳಲ್ಲಿ ಮಾತ್ರ ದಟ್ಟವಾಗಿ ಹಬ್ಬಿದ್ದವು. ಅವನ್ನೆಲ್ಲ ಒಂದೇ ಸೋಮವಾರ ಮಾಡಿದ್ದು. ಅಯ್ನೋರು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು.

"ಚೂರು ಹಾಕಿದ್ರೆ ಬೆಳೀತವೆ, ಜಾಸ್ತಿ ಹಾಕಿದ್ರೆ ನಿಂತೋಯ್ತವೆ. ಅಷ್ಟೇ ಅಲ್ವಾ ಸಾರ್?" ಎಂದರು. ಆಮೇಲೆ ಮೆಲ್ಲಗೆ, "ನಂಗೂ ಇದೇ ಮಾತ್ರೆ ಬರ್ಕೊಟ್ಟವ್ರೆ. ಎದೆಗೆ ಒಳ್ಳೇದಾಯ್ತದಾ?"

ನನ್ನ ಕಣ್ಣು ಅವರ ಬೆರಳುಗಳ ಮೇಲಿತ್ತು. ಬೂದಿ ಪೊರೆಗೆ ತಾಗಿದರೆ ಉರಿಯೂತ. ಉರಿಯೂತ ಇದ್ದಲ್ಲಿಗೆ ನಾಳಗಳು ನುಗ್ಗುತ್ತವೆ. ಕಾರಣ ಸಿಕ್ಕಿತು ಅನ್ನಿಸಿತು.

"ಅದು ಔಷಧಿಯಿಂದ ಬೆಳೆದಿದ್ದಲ್ಲ ಅಯ್ನೋರೇ, ನಿಮ್ಮ ವಿಭೂತಿಯಿಂದ. ಮಾಡಿದ್ ಕೆಲಸಾನೆಲ್ಲ ಹಾಳ್ಮಾಡ್ಬುಟ್ರಲ್ಲ."

"ಆ ಸೋಮವಾರ ನಾನು..." ಎಂದು ಶುರು ಮಾಡಿದರು. ಸೋಮವಾರ ಅವರ ಪೂಜೆ ಜೋರು ಎಂಬುದು ನನಗೆ ಗೊತ್ತಿತ್ತು. ಪೂಜೆ ಮನೆಯಲ್ಲಿರಲಿ ಎಂದು ಬಾಯಿ ಮುಚ್ಚಿಸಿದೆ. ಆ ಪೊರೆಗಳನ್ನೆಲ್ಲ ಅವರ ಕೈಯಿಂದಲೇ ಹೊರಗೆ ಹಾಕಿಸಿದೆ.

ಮರುದಿನ ಅವರು ಬರಿಹಣೆಯಲ್ಲಿ ಬಂದರು. ನಿವೃತ್ತಿಯವರೆಗೂ ಹಾಗೆಯೇ ಬಂದರು. ಮೊಟ್ಟೆ ಕೊಡುವಾಗ ಸುಮ್ಮನೆ ತಲೆಯಾಡಿಸುತ್ತಿದ್ದರು. ಎದೆಯ ಮಾತನ್ನು ಮತ್ತೆ ಎತ್ತಲಿಲ್ಲ. ಇನ್‌ಕ್ಯುಬೇಟರಿನ ಸದ್ದು ಅಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ಆಗಲೇ. ಹೆಚ್ಚು ಔಷಧಿಯ ಫಲಿತಾಂಶವಷ್ಟನ್ನೇ ಬರೆದೆ, ಪದವಿ ಬಂತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ. ಹೋಗಿ ನೋಡಿದರೆ ಕೋಣೆಯ ಮುಂದೆ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು.

ಈ ಔಷಧಿ ಸ್ವಲ್ಪವಿದ್ದರೆ ನಾಳ ಬೆಳೆಸಬಲ್ಲದು, ಹೆಚ್ಚಾದರೆ ತಡೆಯಬಲ್ಲದು ಎಂದು ಬೇರೆಯವರು ಬರೆದದ್ದನ್ನು ಮುಂದೆ ಓದಿದೆ. ಆದರೂ ನನ್ನ ಮೊಟ್ಟೆಗಳನ್ನು ಕೆಡಿಸಿದ್ದು ಬೂದಿಯೇ ಎಂದುಕೊಂಡಿದ್ದೆ. ಆ ಸೋಮವಾರ ಅವರು ಬೆಳ್ಳನೆ ಬೆರಳುಗಳಲ್ಲಿ ಮೊಟ್ಟೆ ಹಿಡಿದು ಬಲ್ಬಿನ ಮುಂದೆ ನಿಂತದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಈಗಲೂ ಹಾಗೇ ಇದೆ.

ಎಷ್ಟೋ ವರ್ಷಗಳ ಮೇಲೆ ನಮ್ಮ ವಿಭಾಗ ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯ ಹಾಜರಿ ಪುಸ್ತಕಗಳನ್ನು ಕಾರಿಡಾರಿನಲ್ಲಿ ಒಟ್ಟಿದ್ದರು. ನನ್ನ ಲ್ಯಾಬ್ ನೋಟ್‌ಬುಕ್ಕಿನ ತಾರೀಖು ಹಿಡಿದು ಹುಡುಕಿದೆ. ಆ ಸೋಮವಾರ ಅವರ ಹೆಸರಿನ ಮುಂದೆ ಸಹಿಯಿಲ್ಲ. ಕೆಂಪು ಶಾಯಿಯಲ್ಲಿ ರಜೆ ಎಂದಿದೆ. ಪುಟಕ್ಕೆ ಚುಚ್ಚಿದ ಗುಂಡುಪಿನ್ನು ತುಕ್ಕು ಹಿಡಿದಿತ್ತು. ಅದರಲ್ಲಿ ಅವರದೇ ಅಕ್ಷರದ ಅರ್ಜಿ: ಎದೆ ನೋವು, ಆಸ್ಪತ್ರೆಗೆ ಹೋಗಬೇಕಾಗಿದೆ.